ಯಾವ ದ್ರವಕ್ಕೆ ಯಾವ ಶೋಧಕ?

ಚಾಮರಾಜನಗರದ ಸುತ್ತಲಿನ ಆಲೆಮನೆಗಳಲ್ಲಿ ಗಾಣದಿಂದ ಇಳಿಯುವ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಬಿಡುವ ಮುನ್ನ ಬಟ್ಟೆಯಲ್ಲಿಯೋ ಜಾಲರಿಯಲ್ಲಿಯೋ ಸೋಸುವುದುಂಟು. ಸಿಪ್ಪೆಯ ಚೂರುಗಳು ಮೇಲೆ ನಿಲ್ಲುತ್ತವೆ. ಹಾಲು ಮಾತ್ರ ಕದಡಿದಂತೆಯೇ ಇರುತ್ತದೆ. ಇನ್ನೂ ದಟ್ಟವಾಗಿ ನೇಯ್ದ ಬಟ್ಟೆಯನ್ನು ಹಾಕಿದರೆ ತಿಳಿಯಾದೀತಲ್ಲವೆ? ಹಾಕಿದರೆ ಸ್ವಲ್ಪ ಹೊತ್ತಿನಲ್ಲಿಯೇ ಬಟ್ಟೆ ಕಟ್ಟಿಕೊಂಡು, ಹಾಲು ಹನಿಹನಿಯಾಗಿ ಇಳಿಯತೊಡಗುತ್ತದೆ. ತಡವಾದಷ್ಟೂ ಅದು ಹುಳಿಯುವ ಭಯ. ಹುಳಿತ ಹಾಲಿನಲ್ಲಿ ಸಕ್ಕರೆಯು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಅದರಿಂದ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವ ಬೆಲ್ಲ ಬಾರದು. ಶೋಧಕದ ಆಯ್ಕೆ ತಪ್ಪಿದರೆ ಹೋಗುವುದು ರೈತನ ಇಡೀ ಪಾಕವೇ.

ಬಟ್ಟೆಯ ರಂಧ್ರ ಎಷ್ಟು ಸಣ್ಣದು ಎಂಬುದನ್ನೇ ನೋಡಿ ಶೋಧಕವನ್ನು ಆರಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಸೋಸುವಿಕೆ ಆರಂಭವಾದ ಮೇಲೆ ಬಟ್ಟೆಯ ಮೇಲೆ ಗಸಿಯ ಪದರವೊಂದು ಬೆಳೆಯುತ್ತದೆ. ಅಲ್ಲಿಂದ ಮುಂದೆ ಸೋಸುವ ಕೆಲಸ ಆ ಪದರದ್ದು. ಬಟ್ಟೆ ಅದಕ್ಕೆ ಆಧಾರ ಮಾತ್ರ. ಮೊದಲು ಇಳಿಯುವ ದ್ರವ ಕದಡಿದ್ದು ಅನಂತರ ತಿಳಿಯಾಗುವುದು ಇದರಿಂದಲೇ.

ಮರಳಿನ ಪದರದ ಮೂಲಕ ನೀರು ಹರಿಯುವ ಬಗೆಯನ್ನು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿಯು 1856ರಲ್ಲಿ ಪ್ರಕಟಿಸಿದನು. ಒತ್ತಡ ಹೆಚ್ಚಿದಂತೆ ಹರಿವು ಹೆಚ್ಚುತ್ತದೆ. ಪದರ ದಪ್ಪವಾದಂತೆ ಕುಗ್ಗುತ್ತದೆ. ದ್ರವದ ಸ್ನಿಗ್ಧತೆಯೂ ಹರಿವನ್ನು ತಡೆಯುತ್ತದೆಂದು ಈಗ ಬಲ್ಲೆವು. 20 ಡಿಗ್ರಿ ಸೆಲ್ಸಿಯಸ್‌ನಿಂದ 80 ಡಿಗ್ರಿಗೆ ಕಾಯಿಸಿದಾಗ ನೀರಿನ ಸ್ನಿಗ್ಧತೆ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪದರದ ಕಣಗಳ ವ್ಯಾಸ ಅರ್ಧವಾದರೆ, ಉಳಿದುದೆಲ್ಲ ಹಾಗೆಯೇ ಇದ್ದಾಗ, ಹರಿವು ನಾಲ್ಕನೆಯ ಒಂದು ಭಾಗವಾಗುತ್ತದೆ.

ಹಾಗಾದರೆ ಒತ್ತಡವನ್ನು ಹೆಚ್ಚಿಸುತ್ತ ಹೋಗಬಾರದೇಕೆ? ಇಲ್ಲಿ ಗಸಿಯ ಗುಣವನ್ನು ನೋಡಬೇಕು. ಚಾಮರಾಜನಗರದ ಕರಿಕಲ್ಲು ಹೊರದೇಶಗಳಲ್ಲಿಯೂ ಹೆಸರಾದುದು. ಅಂಥ ಕಲ್ಲನ್ನು ಕೊಯ್ದು ನಯಗೊಳಿಸುವಾಗ ಹೊರಬರುವ ಕೆಸರುನೀರಿನ ಕಣಗಳು ಗಡುಸು. ಒತ್ತಿದರೂ ಅವು ನಜ್ಜಾಗವು, ನಡುವಿನ ಸಂದುಗಳು ಬಹುಮಟ್ಟಿಗೆ ತೆರೆದೇ ಇರುತ್ತವೆ. ಚೌಕಟ್ಟುಗಳ ನಡುವೆ ಬಟ್ಟೆಯನ್ನು ಬಿಗಿದು, ಪಂಪಿನಿಂದ ಕೆಸರನ್ನು ನೂಕುವ ಒತ್ತುಶೋಧಕ ಇದಕ್ಕೆ ತಕ್ಕುದು. ಕಬ್ಬಿನ ಹಾಲಿನ ಗಸಿಯಾದರೋ ಅಂಟು, ಮೇಣ, ಪ್ರೋಟೀನುಗಳ ಲೋಳೆ. ಒತ್ತಿದಷ್ಟೂ ಅದು ಚಪ್ಪಟೆಯಾಗಿ ಸಂದುಗಳನ್ನು ತಾನೇ ಮುಚ್ಚಿಬಿಡುತ್ತದೆ!

ಆದುದರಿಂದ ಶೋಧಕಕ್ಕೆ ಕೈ ಹಾಕುವ ಮುನ್ನ ದ್ರವವನ್ನೇ ಸಿದ್ಧಗೊಳಿಸಬೇಕು. ಆಲೆಮನೆಯಲ್ಲಿ ಸುಣ್ಣವನ್ನೂ ಬೆಂಡೆಯ ಗಿಡದ ಲೋಳೆಯನ್ನೂ ಹಾಕಿ ಕಾಯಿಸುತ್ತಾರೆ. ಕಶ್ಮಲಗಳು ಒಟ್ಟುಗೂಡಿ ತೇಲುತ್ತವೆ, ಅವನ್ನು ಜಾಲರಿಯಲ್ಲಿ ಎತ್ತಿದರಾಯಿತು. ಇದೂ ಒಳ್ಳೆಯ ರಸಾಯನಶಾಸ್ತ್ರವೇ. ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನಲ್ಲಿರುವಂಥ ಸಕ್ಕರೆ ಕಾರ್ಖಾನೆಗಳಲ್ಲಿಯೂ ಸುಣ್ಣ ಮತ್ತು ಕಾವುಗಳೇ ಮೊದಲು. ರಸದಲ್ಲಿರುವ ಫಾಸ್ಫೇಟು ಸುಣ್ಣದೊಡನೆ ಸೇರಿ, ಕಶ್ಮಲವನ್ನು ತನ್ನೊಡನೆ ಎಳೆದುಕೊಂಡು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಹಾಗೆಯೇ ತೆಗೆಯುತ್ತಾರೆ. ಸೋಸಬೇಕಾದುದು ತಳದ ಕೆಸರನ್ನು ಮಾತ್ರ.

ಆ ಕೆಸರಿಗೆ ಸಿಪ್ಪೆಯ ನುಣ್ಣನೆಯ ಹೊಟ್ಟನ್ನು ಬೆರೆಸುವರು. ಕೊಳೆಯಿರುವಲ್ಲಿಗೆ ಇನ್ನಷ್ಟು ಕಸವೇ ಎಂದು ಓದುಗರು ಬೆರಗಾಗಬಹುದು. ಹೊಟ್ಟಿನ ಎಳೆಗಳು ಲೋಳೆಯ ನಡುವೆ ಸೇರಿ ದಾರಿಗಳನ್ನು ತೆರೆದಿಡುತ್ತವೆ. ಅನಂತರ ನಿರ್ವಾತದ ಉರುಳೆಶೋಧಕ: ಕೆಸರಿನಲ್ಲಿ ಅರ್ಧಮುಳುಗಿ ಮೆಲ್ಲನೆ ತಿರುಗುವ ಉರುಳೆ ರಸವನ್ನು ಒಳಕ್ಕೆ ಹೀರುತ್ತದೆ, ಹೊರಗಂಟಿದ ಪದರವನ್ನು ಬಿಸಿನೀರಿನಿಂದ ತೊಳೆದು ಅಲಗಿನಿಂದ ಕೆರೆಯುತ್ತಾರೆ. ನಿರ್ವಾತಕ್ಕೂ ಮಿತಿಯುಂಟು. 80 ಡಿಗ್ರಿಯ ನೀರು ಸುಮಾರು 355 ಮಿಲಿಮೀಟರ್ ಪಾದರಸದ ಒತ್ತಡದಲ್ಲಿಯೇ ಕುದಿಯುವುದರಿಂದ, ಹೆಚ್ಚು ಹೀರಹೋದರೆ ಬಿಸಿರಸ ಶೋಧಕದಲ್ಲಿಯೇ ಕುದಿದೀತು.

ಈ ಉರುಳೆಗೆ ಅನೇಕ ಕಡೆ ಬಟ್ಟೆಯೇ ಇಲ್ಲ, ಸಣ್ಣ ತೂತುಗಳ ಲೋಹದ ತಗಡು ಮಾತ್ರ. ಇಳಿಯುವ ರಸವೂ ಕದಡಿದ್ದೇ. ಆದರೂ ಚಿಂತೆಯಿಲ್ಲ: ಅದನ್ನು ಮರಳಿ ಹಸಿರಸಕ್ಕೆ ಬೆರೆಸುತ್ತಾರೆ. ಇಲ್ಲಿ ಬೇಕಾದುದು ಕೆಸರಿನಲ್ಲಿ ಉಳಿದ ಸಕ್ಕರೆ, ತಿಳಿರಸವಲ್ಲ. ಕೆರೆದ ಗಸಿ ಗದ್ದೆಗೆ ಗೊಬ್ಬರವಾಗಿ ಹೋಗುತ್ತದೆ. ಒತ್ತುಶೋಧಕವಿದ್ದ ಕಾಲದಲ್ಲಿ ಬಂದ ‘ಪ್ರೆಸ್‌ಮಡ್’ ಎಂಬ ಹೆಸರು, ಉರುಳೆ ಬಂದ ಮೇಲೂ ಅದಕ್ಕೆ ಅಂಟಿಕೊಂಡಿದೆ.