ಬೆಸುಗೆಯ ಬಲ ಎಲ್ಲಿದೆ?



ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕಾಣಲು ಬಂದನು. ಅವನು ಈಗ ಇದೇ ಮುಂಬಯಿಯ ಮೋಟಾರು ಗ್ಯಾರೇಜೊಂದರಲ್ಲಿ ಕೆಲಸ ಮಾಡುತ್ತಿದ್ದಾನೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದಿದ್ದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟು, “ಮಾಸ್ತರೇ, ಇದನ್ನು ನಾನೇ ಮಾಡಿ ಗೆಳೆಯನ ಕಾರಿಗೆ ಹಾಕಿದ್ದೆ. ಬೆಸುಗೆ ಎಷ್ಟು ಅಂದವಾಗಿ ಬಂದಿದೆ ನೋಡಿ. ಆದರೂ ನಾಲ್ಕೇ ತಿಂಗಳಿಗೆ ಬಿರುಕು ಬಿಟ್ಟಿದೆ. ಇಂಥವೇ ಇನ್ನೆರಡನ್ನು ಮಾಡಿಕೊಡುತ್ತೇನೆಂದು ಮುಂಗಡ ಹಣವನ್ನೂ ಪಡೆದಿದ್ದೇನೆ. ಈಗ ಏನು ಮಾಡಲಿ?” ಎಂದು ಕೇಳಿದನು.

ನಾವು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆವು. ಬೆಸುಗೆಯ ಗೆರೆ ಎಲ್ಲಿಯೂ ಒಡೆದಿರಲಿಲ್ಲ. ಕೂದಲೆಳೆಯಷ್ಟು ಸಣ್ಣ ಬಿರುಕು ಅದರ ಅಂಚನ್ನು ಹಿಡಿದು, ಪಕ್ಕದ ಲೋಹದಲ್ಲಿ ಸಾಗಿತ್ತು. ನಾವು ಕನ್ನಡದಲ್ಲಿ ಮೆಟ್ರಿಕ್ ಓದಿದವರೇ ಹೊರತು ಇಂಜಿನಿಯರರಲ್ಲ. ಆದರೂ ಪುಸ್ತಕಗಳನ್ನು ತಿರುವಿಹಾಕಿ, ಅನುಭವಿಗಳಾದ ವೆಲ್ಡಿಂಗ್ ಕೆಲಸಗಾರರನ್ನು ವಿಚಾರಿಸಿ ತಿಳಿದುದನ್ನು ಅವನಿಗೆ ಹೇಳಿದೆವು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಅಡ್ಡಪಟ್ಟಿಯ ಕೆಲಸ

ಇಂದಿನ ಬಹಳಷ್ಟು ಕಾರುಗಳಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಒಂದು ನೀಳವಾದ ಕಂಬವಿರುತ್ತದೆ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಅದರಲ್ಲಿಯೇ ಸೇರಿರುತ್ತವೆ. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಏರ್ಪಾಡು 1950ರ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಳಕೆಗೆ ಬಂದು, ಕ್ರಮೇಣ ಲೋಕವನ್ನೆಲ್ಲ ಹಬ್ಬಿತು. ಕಂಬದ ಮೇಲ್ತುದಿಯನ್ನು ಇಂಜಿನ್ನಿನ ಎಡಬಲಗಳಲ್ಲಿ ಕಾರಿನ ಮೈಗೆ ಬಿಗಿದಿರುತ್ತಾರೆ. ಕಾರು ವೇಗವಾಗಿ ತಿರುಗುವಾಗ ಈ ಎರಡು ತುದಿಗಳ ನಡುವಣ ಅಂತರವು ಅತ್ಯಲ್ಪವಾಗಿ ಹೆಚ್ಚುಕಡಿಮೆಯಾಗುತ್ತದೆ. ಅದನ್ನು ತಡೆಯುವುದಕ್ಕಾಗಿ ಒಂದು ತುದಿಯಿಂದ ಇನ್ನೊಂದಕ್ಕೆ ಬಿಗಿಯುವ ಪಟ್ಟಿಯೇ ನಮ್ಮ ಅಡ್ಡಪಟ್ಟಿ. ಗ್ಯಾರೇಜಿನವರು ಇದನ್ನು ಸ್ಟ್ರಟ್ ಬಾರ್ ಎನ್ನುವರು.

ಅಲ್ಯೂಮಿನಿಯಂ ಹಗುರವಾದ ಲೋಹ. ಅದೇ ಗಾತ್ರದ ಉಕ್ಕಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ತೂಗುತ್ತದೆ. ಆದರೆ ಅದರ ಬಿಗುವೂ ಉಕ್ಕಿನ ಮೂರನೆಯ ಒಂದು ಭಾಗವೇ ಎಂಬುದನ್ನು ಹಲವರು ಮರೆಯುತ್ತಾರೆ. ಉಕ್ಕಿನ ಪಟ್ಟಿಯ ಅಳತೆಯನ್ನೇ ಅಲ್ಯೂಮಿನಿಯಂನಲ್ಲಿ ನಕಲು ಮಾಡಿದರೆ ಅದು ಅದೇ ಭಾರಕ್ಕೆ ಮೂರು ಪಟ್ಟು ಹೆಚ್ಚು ಮಣಿಯುತ್ತದೆ.

ಬಿಸಿಯಿಂದ ಬಂದ ಬಲ, ಬಿಸಿಯಿಂದ ಹೋಗುವ ಬಲ

ಶುದ್ಧ ಅಲ್ಯೂಮಿನಿಯಂ ಬಹು ಮೃದು. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ವಿಜ್ಞಾನಿಯು ತಾಮ್ರ ಮೊದಲಾದವನ್ನು ಬೆರೆಸಿದ ಅಲ್ಯೂಮಿನಿಯಂ ಅನ್ನು ಕಾಯಿಸಿ, ಥಟ್ಟನೆ ತಣಿಸಿ ಕೆಲವು ದಿನ ಹಾಗೆಯೇ ಬಿಟ್ಟರೆ ಅದು ತಾನಾಗಿಯೇ ಗಟ್ಟಿಯಾಗುವುದನ್ನು ಕಂಡನು. ನಮ್ಮ ಹುಡುಗನು ಬಳಸಿದ 6061 ಎಂಬ ಮಿಶ್ರಲೋಹದಲ್ಲಿ ಮುಖ್ಯವಾಗಿ ಮೆಗ್ನೀಸಿಯಂ ಮತ್ತು ಸಿಲಿಕಾನ್ ಬೆರೆತಿವೆ. ಅದನ್ನು ಸುಮಾರು 530 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ನೀರಿನಲ್ಲಿ ತಣಿಸಿ, ಬಳಿಕ ಸುಮಾರು 170 ಡಿಗ್ರಿಯಲ್ಲಿ ಹಲವು ಗಂಟೆಗಳ ಕಾಲ ಇರಿಸುತ್ತಾರೆ. ಆಗ ಲೋಹದ ಒಳಗೆಲ್ಲ ಕಣ್ಣಿಗೆ ಕಾಣದ ಕಣಗಳು ಒತ್ತೊತ್ತಾಗಿ ಹುಟ್ಟಿ, ಲೋಹದ ಪದರಗಳು ಒಂದರ ಮೇಲೊಂದು ಜಾರದಂತೆ ಗೂಟಗಳ ಹಾಗೆ ತಡೆಯುತ್ತವೆ. ಗಟ್ಟಿತನದ ಗುಟ್ಟು ಇದೇ.

ಬೆಸುಗೆಯ ಉರಿ ತಾಗಿದಾಗ ಆಗುವುದೇನು? ಗೆರೆಯ ಎರಡೂ ಬದಿಗಳಲ್ಲಿ, ಸುಮಾರು 25 ಮಿಲಿಮೀಟರ್ ದೂರದವರೆಗೂ, ಈ ಸಣ್ಣ ಕಣಗಳು ಕರಗಿ, ಇಲ್ಲವೆ ಒಂದುಗೂಡಿ ಕೆಲವೇ ದಪ್ಪ ಕಣಗಳಾಗುತ್ತವೆ. ನೂರು ಗೂಟಗಳಿದ್ದ ಕಡೆ ಹತ್ತು ಉಳಿದರೆ ಜಾರುವುದನ್ನು ತಡೆಯುವವರಾರು? ಬೆಸುಗೆಗೆ ಮೊದಲು ಒಂದು ಚದರ ಮಿಲಿಮೀಟರಿಗೆ ಸುಮಾರು 310 ನ್ಯೂಟನ್ ಎಳೆತವನ್ನು ತಡೆಯುತ್ತಿದ್ದ ಲೋಹವು ಬೆಸುಗೆಯ ನಂತರ ಸುಮಾರು 165 ನ್ಯೂಟನ್ ಮಾತ್ರ ತಡೆದೀತು. ಹೆಚ್ಚುಕಡಿಮೆ ಅರ್ಧ ಬಲ ಹೋಯಿತು. ನೋಡುವ ಕಣ್ಣಿಗೆ ಮಾತ್ರ ಏನೂ ಆಗಿಲ್ಲ!

ಒಂದು ಲೆಕ್ಕ

“ಅರ್ಧ ಬಲವಾದರೂ ಉಳಿಯಿತಲ್ಲ, ಅದು ಸಾಲದೇ?” ಎಂದು ಹುಡುಗನು ಕೇಳಿದನು. ಒಳ್ಳೆಯ ಪ್ರಶ್ನೆ. ಪಟ್ಟಿಯ ತುದಿಯ ಬ್ರಾಕೆಟ್ಟನ್ನು ಅಳೆದೆವು: ಅಗಲ 40 ಮಿಲಿಮೀಟರ್, ದಪ್ಪ 5 ಮಿಲಿಮೀಟರ್. ಅದರ ಮೇಲೆ 300 ನ್ಯೂಟನ್, ಎಂದರೆ ಸುಮಾರು 30 ಕಿಲೋಗ್ರಾಂ ತೂಕದಷ್ಟು, ಬಲ ಬೀಳುವುದೆಂದು ಭಾವಿಸೋಣ. ಬಲವು ನೇರವಾಗಿ ಎಳೆದರೆ ಅದು 40 × 5 = 200 ಚದರ ಮಿಲಿಮೀಟರಿಗೆ ಹಂಚಿಹೋಗುತ್ತದೆ. ಒಂದು ಚದರ ಮಿಲಿಮೀಟರಿಗೆ ಬೀಳುವುದು ಕೇವಲ 1.5 ನ್ಯೂಟನ್.

ಆದರೆ ಅವನ ಪಟ್ಟಿಯು ಬ್ರಾಕೆಟ್ಟಿನ ಬುಡದಿಂದ 50 ಮಿಲಿಮೀಟರ್ ಎತ್ತರದಲ್ಲಿತ್ತು. ಆಗ ಬಲವು ಬ್ರಾಕೆಟ್ಟನ್ನು ಎಳೆಯುವುದಿಲ್ಲ, ಬಾಗಿಸುತ್ತದೆ. ಬಾಗಿಸುವ ಶಕ್ತಿ 300 × 50 = 15,000. ಇದನ್ನು ಅಗಲ, ದಪ್ಪ, ಮತ್ತೆ ದಪ್ಪ, ಇವುಗಳ ಗುಣಲಬ್ಧದ ಆರನೆಯ ಒಂದು ಭಾಗದಿಂದ, ಎಂದರೆ 40 × 5 × 5 ÷ 6 = ಸುಮಾರು 167ರಿಂದ, ಭಾಗಿಸಬೇಕು. ಉತ್ತರ 90 ನ್ಯೂಟನ್! ಅದೇ ಬಲ, ಅದೇ ಲೋಹ. ಒತ್ತಡ ಮಾತ್ರ ಅರುವತ್ತು ಪಟ್ಟು. ಅದೂ ಬೆಸುಗೆಯಿರುವ ಬುಡದಲ್ಲಿಯೇ, ಎಂದರೆ ಲೋಹವು ಸೊರಗಿದ ಜಾಗದಲ್ಲಿಯೇ, ಎಲ್ಲಕ್ಕಿಂತ ಹೆಚ್ಚು.

ಇನ್ನು ದಪ್ಪವನ್ನು 10 ಮಿಲಿಮೀಟರ್ ಮಾಡಿ ನೋಡಿ. ದಪ್ಪ ಎರಡರಷ್ಟಾದರೆ ಒತ್ತಡವು 22.5 ನ್ಯೂಟನ್, ಎಂದರೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಲೋಹದ ದಣಿವು

90 ಎಂಬುದು 165ಕ್ಕಿಂತ ಕಡಿಮೆಯಲ್ಲವೇ? ಹೌದು, ಆದುದರಿಂದಲೇ ಪಟ್ಟಿ ಮೊದಲ ದಿನವೇ ಮುರಿಯಲಿಲ್ಲ. ಆದರೆ ರಸ್ತೆಯ ಒಂದೊಂದು ಹೊಂಡವೂ ಒಂದೊಂದು ತಿರುವೂ ಅದನ್ನು ಬಾಗಿಸಿ ಬಿಡುತ್ತಿತ್ತು. ತೆಳುವಾದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ತುಂಡರಿಸುವುದನ್ನು ನೀವೆಲ್ಲ ಬಲ್ಲಿರಿ. ಅಷ್ಟು ಬಗ್ಗದಿದ್ದರೂ, ಲಕ್ಷಾಂತರ ಸಲ ಮರುಕಳಿಸುವ ಸಣ್ಣ ಒತ್ತಡವೂ ಲೋಹವನ್ನು ದಣಿಸುತ್ತದೆ. ಬೆಸುಗೆಯ ಅಂಚಿನಲ್ಲಿ ದಪ್ಪವು ಥಟ್ಟನೆ ಬದಲಾಗುವುದರಿಂದ ಒತ್ತಡವೆಲ್ಲ ಅಲ್ಲಿ ಮುತ್ತುತ್ತದೆ. ಬಿರುಕು ಅಲ್ಲಿಂದಲೇ ಹೊರಡುತ್ತದೆ. ಸಾಮಾನ್ಯ ಉಕ್ಕಿಗೆ ಒಂದು ಮಿತಿಯುಂಟು. ಅದಕ್ಕಿಂತ ಕಡಿಮೆ ಒತ್ತಡವನ್ನು ಅದು ಬಹುಕಾಲ ಸಹಿಸೀತು. ಅಲ್ಯೂಮಿನಿಯಂಗೆ ಅಂತಹ ಖಚಿತವಾದ ಮಿತಿಯಿಲ್ಲ.

ಈ ಪಾಠಕ್ಕೆ ಜಗತ್ತು ದೊಡ್ಡ ಬೆಲೆ ತೆತ್ತಿದೆ. 1954ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳೆರಡು ಆಕಾಶದಲ್ಲಿಯೇ ಒಡೆದು ಸಮುದ್ರಕ್ಕೆ ಬಿದ್ದುವು. ಅದೇ ಬಗೆಯ ವಿಮಾನವೊಂದನ್ನು ಫಾರ್ನ್‌ಬರೋದಲ್ಲಿ ನೀರಿನ ತೊಟ್ಟಿಯಲ್ಲಿರಿಸಿ, ಮತ್ತೆ ಮತ್ತೆ ಒತ್ತಡ ಕೊಟ್ಟು ಪರೀಕ್ಷಿಸಿದಾಗ, ಅಲ್ಯೂಮಿನಿಯಂ ಮಿಶ್ರಲೋಹದ ಮೈ ದಣಿದು ಬಿರಿದುದು ಬೆಳಕಿಗೆ ಬಂದಿತು.

ಮಾಡಬೇಕಾದುದೇನು?

ಮೊದಲನೆಯದು ಶುದ್ಧಿ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಅದರ ಮೈಮೇಲಿನ ಆಕ್ಸೈಡ್ ಪೊರೆಯಾದರೋ 2,000 ಡಿಗ್ರಿ ಮೀರಿದರೂ ಕರಗದು. ಆದುದರಿಂದ ಎಣ್ಣೆ ಜಿಡ್ಡನ್ನು ಮೊದಲು ಒರೆಸಿ, ಆಮೇಲೆ ತುಕ್ಕು ಹಿಡಿಯದ ಉಕ್ಕಿನ ತಂತಿಬ್ರಶ್ಶಿನಿಂದ ಪೊರೆಯನ್ನು ಉಜ್ಜಿ ತೆಗೆಯಬೇಕು. ತೇವವೋ ಜಿಡ್ಡೋ ಉಳಿದರೆ ಅದರಲ್ಲಿನ ಜಲಜನಕವು ಕರಗಿದ ಲೋಹವನ್ನು ಸೇರಿ ಗುಳ್ಳೆಗಳಾಗುತ್ತದೆ. ಆಗ ಬೆಸುಗೆಯು ಮೇಲೆ ಥಳಕು, ಒಳಗೆ ಹುಳುಕು.

ಎರಡನೆಯದು ಲೋಹದ ಪರಿಚಯ. ಗುಜರಿಯಿಂದ ತಂದ ತುಂಡು ಯಾವ ಜಾತಿಯದೆಂದು ತಿಳಿಯದೆ ಬೆಸೆಯಬಾರದು. 7075, 2024 ಮೊದಲಾದ ಬಲಿಷ್ಠ ಜಾತಿಗಳು ಸಾಮಾನ್ಯ ಬೆಸುಗೆಗೆ ಒಗ್ಗುವುದಿಲ್ಲ.

ಮೂರನೆಯದು ಜಾಗ. ಪಟ್ಟಿಯನ್ನು ಆದಷ್ಟು ನೇರವಾಗಿಯೂ ತಗ್ಗಾಗಿಯೂ ಇರಿಸಿ, ಹೆಚ್ಚು ಬಾಗುವ ಎಡೆಯಿಂದ ಬೆಸುಗೆಯನ್ನು ದೂರವಿಡಬೇಕು. ಬೋಲ್ಟ್ ಸಾಕಾಗುವ ಕಡೆ ಬೆಸುಗೆಯೇ ಬೇಡ.

ನಾಲ್ಕನೆಯದು ಪರೀಕ್ಷೆ. ಅದೇ ಲೋಹದ ತುಂಡುಗಳನ್ನು ಅದೇ ರೀತಿ ಬೆಸೆದು, ವೈಸಿನಲ್ಲಿ ಬಿಗಿದು, ಕಣ್ಣಿಗೆ ಕನ್ನಡಕ ಧರಿಸಿ, ಸುತ್ತಿಗೆಯಿಂದ ಮುರಿದು ಒಳಗನ್ನು ನೋಡಬೇಕು. ಇದನ್ನು ಬಲ್ಲವರ ಮುಂದೆಯೇ ಮಾಡತಕ್ಕದ್ದು.

ನಮ್ಮ ಹುಡುಗನು ಹಾಗೆಯೇ ಮಾಡಿದನು. ಮುರಿದ ಮೊದಲ ಎರಡು ತುಂಡುಗಳ ಒಳಗೆ ಸೂಜಿಮೊನೆಯಂತಹ ತೂತುಗಳು ಕಂಡುವು, ಮೂರನೆಯದು ಚೆನ್ನಾಗಿತ್ತು. ಮುಂಗಡ ಕೊಟ್ಟವರಿಗೆ ಬಿರುಕು ಬಿಟ್ಟ ಪಟ್ಟಿಯನ್ನೇ ತೋರಿಸಿ, ಹಣವನ್ನು ಹಿಂದಿರುಗಿಸಿದನು. “ಈ ಪಟ್ಟಿ ಮುರಿದರೂ ಕಾರು ನಿಂತೀತು, ಮಾಸ್ತರೇ. ಆದರೆ ಇದೇ ಕೈಯಿಂದ ನಾಳೆ ಚಕ್ರವನ್ನೇ ಹಿಡಿದಿರುವ ತೋಳನ್ನು ಬೆಸೆದಿದ್ದರೆ?” ಎಂದನು. ಆ ಮಾತನ್ನು ಕೇಳಿ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಕಾರಿನಲ್ಲಿ ಕುಳಿತವನಿಗೆ ಬೆಸುಗೆ ಕಾಣುವುದಿಲ್ಲ. ಅವನು ನಂಬಿರುವುದು ಬೆಸೆದವನನ್ನು.

ಅಭ್ಯಾಸ

1. ಮೇಲಿನ ಲೆಕ್ಕದಲ್ಲಿ ದಪ್ಪವು 8 ಮಿಲಿಮೀಟರ್ ಆದರೆ ಒತ್ತಡವೆಷ್ಟು?
2. ದಪ್ಪ 5 ಮಿಲಿಮೀಟರೇ ಇದ್ದು, ಎತ್ತರವನ್ನು 50ರಿಂದ 25 ಮಿಲಿಮೀಟರಿಗೆ ಇಳಿಸಿದರೆ ಏನಾಗುವುದು?
3. ಬಿರುಕು ಬೆಸುಗೆಯ ಗೆರೆಯಲ್ಲಿ ಹುಟ್ಟದೆ ಅದರ ಅಂಚಿನಲ್ಲಿ ಹುಟ್ಟಿದುದಕ್ಕೆ ಎರಡು ಕಾರಣಗಳನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.