ಮಿಕ್ಸಿ ಇಲ್ಲದ ಮನೆಯಲ್ಲಿ ಉಪ್ಸಾರು: ರಾಮಕೃಷ್ಣನಗರದಲ್ಲಿ ತಂಗಿದವರಿಗೆ ಒಂದು ದಿನದ ಪಾಠ

ಮಗಳ ಪರೀಕ್ಷೆ, ಅಪ್ಪನ ಚಿಕಿತ್ಸೆ, ಮಕ್ಕಳ ರಂಗಶಿಬಿರ ಅಂತ ಮೈಸೂರಿಗೆ ಬಂದು ವಾರಗಟ್ಟಲೆ ಉಳಿಯುವವರು ಈಗೀಗ ಲಾಡ್ಜ್ ಬಿಟ್ಟು ಅಡುಗೆಮನೆ ಇರುವ ಮನೆ ಹುಡುಕುತ್ತಾರೆ. ರಾಮಕೃಷ್ಣನಗರ ಅದಕ್ಕೆ ಒಳ್ಳೆಯ ಜಾಗ. ಗಲಾಟೆ ಕಡಿಮೆ, ಬೇಕಾದ ಅಂಗಡಿಗಳೆಲ್ಲ ನಡೆದು ಹೋಗುವಷ್ಟು ಹತ್ತಿರ, ಪಕ್ಕದಲ್ಲೇ ಕುವೆಂಪುನಗರ. ಎರಡು ದಿನ ಮಸಾಲೆದೋಸೆ ತಿಂದ ಮೇಲೆ ನಾಲಿಗೆ ಅನ್ನ ಸಾರು ಕೇಳುತ್ತದೆ. ಪರರ ಒಲೆ ಮುಂದೆ ಎಂದೂ ನಿಂತಿಲ್ಲದವರಿಗೆ, ಇಬ್ಬರ ಊಟದ ಲೆಕ್ಕದಲ್ಲಿ, ಈ ದಾರಿ.

ಹಂತ 1: ಚೀಲ ಹಿಡಿಯುವ ಮುಂಚೆ ಕಪಾಟು ತೆರೆಯಿರಿ

ಏನು ಅಡುಗೆ ಅಂತ ಮೊದಲೇ ತೀರ್ಮಾನಿಸಬೇಡಿ. ಮನೆಯಲ್ಲಿ ಏನಿದೆ ನೋಡಿ. ಗ್ಯಾಸ್ ಹತ್ತುತ್ತದೆಯೇ, ಲೈಟರ್ ಇದೆಯೇ, ಅಗಲ ಬಾಯಿಯ ಒಂದು ಪಾತ್ರೆ, ಅದಕ್ಕೆ ಹೊಂದುವ ತಟ್ಟೆ, ಒಂದು ಬಾಣಲೆ, ಒಂದು ಚಾಕು. ಬಾಡಿಗೆ ಮನೆಗಳ ಚಾಕು ಸಾಮಾನ್ಯವಾಗಿ ಬೆಣ್ಣೆಯನ್ನೂ ಕುಯ್ಯುವುದಿಲ್ಲ. ಮುಖ್ಯವಾಗಿ ಮಿಕ್ಸಿ ಇದೆಯೇ ನೋಡಿ. ಇದ್ದರೆ ಮಸಾಲೆ ರುಬ್ಬಿ ಬಸ್ಸಾರು, ಇಲ್ಲದಿದ್ದರೆ ಉಪ್ಸಾರು. ಉಪ್ಸಾರಿಗೆ ಏಲಕ್ಕಿ ಶುಂಠಿ ಕುಟ್ಟುವ ಪುಟ್ಟ ಕುಟ್ಟಾಣಿ ಸಾಕು. ಅದೂ ಇಲ್ಲವೆಂದರೆ ಲೋಟದ ತಳ.

ಹಂತ 2: ಹಾಲು, ಮತ್ತು ಬೀದಿಯ ಪರಿಚಯ

ಬೆಳಿಗ್ಗೆ ನಂದಿನಿ ಬೂತಿಗೆ ಹೋಗಿ ಅರ್ಧ ಲೀಟರ್ ಹಾಲು, ಒಂದು ಪ್ಯಾಕೆಟ್ ಮೊಸರು ತನ್ನಿ. ಇತರ ಪುಟ್ಟ ಕೆಲಸಗಳ ವಿಳಾಸವನ್ನೂ ಅಲ್ಲೇ ಕೇಳಿಬಿಡಿ. ಇಸ್ತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ, ಜೆರಾಕ್ಸ್ ಯಾವಾಗ ತೆಗೆಯುತ್ತಾರೆ, ಹತ್ತಿರದ ಮೆಡಿಕಲ್ಸ್ ಯಾವುದು. ಬೂತಿನವರಿಗೆ ಗೊತ್ತಿಲ್ಲದ ಬೀದಿ ಸಂಗತಿ ಕಡಿಮೆ. ಇಲ್ಲಿ ದಾರಿ ಹೇಳುವುದೆಲ್ಲ ಬ್ಲಾಕ್‌ಗಳ ಲೆಕ್ಕದಲ್ಲಿ, ಇಲ್ಲವೇ ಆಂದೋಲನ ಸರ್ಕಲ್‌ನಿಂದ. ನಿಮ್ಮ ಮನೆ ಯಾವ ಬ್ಲಾಕ್ ಅಂತ ಬಾಯಿಪಾಠ ಇರಲಿ. ಬಟ್ಟೆಯನ್ನು ಇಸ್ತ್ರಿಗೂ ಕಾಗದವನ್ನು ಜೆರಾಕ್ಸಿಗೂ ಹೋಗುವಾಗಲೇ ಕೊಟ್ಟುಬಿಟ್ಟರೆ, ಮಾರುಕಟ್ಟೆಯಿಂದ ಮರಳುವ ಹೊತ್ತಿಗೆ ಸಿದ್ಧವಾಗಿರುತ್ತವೆ.

ಹಂತ 3: ದೇವರಾಜ ಮಾರುಕಟ್ಟೆ

ಬರೀ ತರಕಾರಿಗಾಗಿ ಐದಾರು ಕಿಲೋಮೀಟರ್ ಹೋಗಬೇಕಾಗಿಲ್ಲ, ಬಡಾವಣೆಯಲ್ಲೇ ಸಿಗುತ್ತದೆ. ಆದರೂ ಒಂದು ದಿನವಾದರೂ ಹೋಗಿ. ಸಿಟಿ ಬಸ್ಸು ಅರಮನೆ ಹತ್ತಿರದ ನಗರ ಬಸ್ ನಿಲ್ದಾಣದಲ್ಲಿ ಇಳಿಸುತ್ತದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಪ್ರಯಾಣ ಉಚಿತ. ಅಲ್ಲಿಂದ ಸಯ್ಯಾಜಿರಾವ್ ರಸ್ತೆ ಕಡೆಗೆ ನಡೆದರೆ ಚಿಕ್ಕ ಗಡಿಯಾರ, ಅದರ ಬೆನ್ನಿಗೇ ಮಾರುಕಟ್ಟೆ. ಆ ಗಡಿಯಾರ ಲಾರ್ಡ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದುದರ ನೆನಪಿನದು. ಮಾರುಕಟ್ಟೆಯ ಕಟ್ಟಡಕ್ಕೂ ವಯಸ್ಸಾಗಿದೆ. 2016ರಲ್ಲಿ ಒಂದು ಭಾಗ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಕಮಾನಿನ ಕೆಳಗೆ ಹೂವಿನವರು ಮಲ್ಲಿಗೆ ಕಟ್ಟುವುದನ್ನು ನೋಡಿದವರು ಉಳಿಸಿ ಎನ್ನುವ ಕಡೆಗೇ ವಾಲುತ್ತಾರೆ. ನಾನೂ ಅದೇ ಕಡೆ.

ಒಳಗೆ ಹೋದವರು ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ. ಒಂದು ಸುತ್ತು ಬರಿಗೈಯಲ್ಲಿ ತಿರುಗಿ, ಬೆಲೆ ಕಿವಿಗೆ ಬೀಳಲಿ. ಹೊಸಬರು ಎಡವುವುದು ಅಳತೆಯಲ್ಲಿ. ಇಬ್ಬರಿಗೆ ಬೇಕಾದ್ದು ಇಷ್ಟೇ: ದಂಟಿನ ಸೊಪ್ಪು ಅಥವಾ ಬೆರಕೆ ಸೊಪ್ಪು ಎರಡು ಕಟ್ಟು, ಕಾಲು ಕೆಜಿ ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಐದಾರು ಹಸಿಮೆಣಸಿನಕಾಯಿ, ಒಂದು ನಿಂಬೆಹಣ್ಣು. ಗುಡ್ಡೆ ಲೆಕ್ಕದಲ್ಲಿ ಮಾರುವವರು ಕಣ್ಣಿಗೆ ಅಗ್ಗವಾಗಿ ಕಾಣುತ್ತಾರೆ, ಆದರೆ ಗುಡ್ಡೆ ಸಂಸಾರಸ್ಥರಿಗೆ. ನೀವು "ಅಕ್ಕಾ, ಕಾಲು ಕೆಜಿ ತೂಗಿ" ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸೊಪ್ಪು ಆರಿಸುವಾಗ ಎಲೆಗಿಂತ ಮೊದಲು ಬುಡ ನೋಡಿ. ದಂಟು ಉಗುರಿಗೆ ಮುರಿದರೆ ಎಳೆಯದು, ನಾರು ಎಳೆದುಕೊಂಡು ಬಂದರೆ ಬಲಿತದ್ದು. ಸೊಪ್ಪಿನವರ ಹತ್ತಿರ ಚೌಕಾಸಿ ನನಗೆ ಹಿಡಿಸದು. ಬೇಕಾದರೆ ಕೊಸರು ಕೇಳಿ, ನಾಲ್ಕು ಎಸಳು ಕೊತ್ತಂಬರಿ ನಗುತ್ತಲೇ ಹಾಕುತ್ತಾರೆ.

ಚಳಿಗಾಲವಾದರೆ ಸೊಗಡಿನ ಅವರೆಕಾಯಿ ಬಿಡಬೇಡಿ, ಬೇಳೆಯ ಜಾಗಕ್ಕೆ ಅದೇ ಕಾಳು. ನಂಜನಗೂಡು ರಸಬಾಳೆ ಕಂಡರೆ ಎರಡು ಹಣ್ಣು ತೆಗೆದುಕೊಳ್ಳಿ. ಪನಾಮ ರೋಗಕ್ಕೆ ಸಿಕ್ಕಿ ಅದರ ಬೆಳೆ ತೀರಾ ಕುಗ್ಗಿದೆ, ಹಾಗಾಗಿ ರಸಬಾಳೆ ಎಂದು ಕೂಗಿದ್ದೆಲ್ಲ ರಸಬಾಳೆಯಲ್ಲ.

ಹಂತ 4: ಪುಡಿ ಸಾಮಾನು

ಬೇಳೆ, ಅಕ್ಕಿ, ಎಣ್ಣೆ, ಸಾಸಿವೆ, ಜೀರಿಗೆ, ಕಾಳುಮೆಣಸು, ಉಪ್ಪನ್ನು ಮನೆ ಹತ್ತಿರದ ದಿನಸಿ ಅಂಗಡಿಯಲ್ಲಿ ಸಣ್ಣ ಪ್ಯಾಕೆಟ್ಟಿನಲ್ಲಿ ಕೊಳ್ಳಿ. ಬಸ್ಸಿನಲ್ಲಿ ಹೊರುವ ಕೆಲಸವಲ್ಲ. ಮೈಸೂರಿನ ಕಾಂಡಿಮೆಂಟ್ಸ್ ಅಂಗಡಿಗಳು ಪರಸ್ಥಳದವರ ಪಾಲಿನ ಅಜ್ಜಿಮನೆ. ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ ಎಲ್ಲ ಅಲ್ಲೇ. ನಾಳೆ ಬೆಳಗಿನ ತಿಂಡಿಯ ಚಿಂತೆ ಗೊಜ್ಜಿನಲ್ಲೇ ಮುಗಿಯುತ್ತದೆ.

ಹಂತ 5: ಒಲೆ

ಅರ್ಧ ಲೋಟ ತೊಗರಿಬೇಳೆ ತೊಳೆದು ನಾಲ್ಕೈದು ಲೋಟ ನೀರಿಗೆ ಹಾಕಿ ತೆರೆದ ಪಾತ್ರೆಯಲ್ಲೇ ಬೇಯಿಸಿ. ಕುಕ್ಕರ್ ಬೇಡ. ಬೇಳೆ ಕರಗಿದರೆ ಬಸಿಯುವುದಕ್ಕೆ ಏನೂ ಉಳಿಯುವುದಿಲ್ಲ. ಬೆರಳಲ್ಲಿ ಹಿಸುಕಿದರೆ ಮುರಿಯಬೇಕು, ಹಿಟ್ಟಾಗಬಾರದು. ಆಗ ಹೆಚ್ಚಿದ ಸೊಪ್ಪು, ಉಪ್ಪು, ಜೊತೆಗೆ ಹಸಿಮೆಣಸಿನಕಾಯಿಯನ್ನೂ ಇಡಿಯಾಗಿ ಹಾಕಿ. ಸೊಪ್ಪು ಬೆಂದ ಕೂಡಲೇ ಮೆಣಸಿನಕಾಯಿ ಎತ್ತಿಟ್ಟು, ತಟ್ಟೆ ಅಡ್ಡ ಹಿಡಿದು ನೀರು ಬಸಿಯಿರಿ. ಬಟ್ಟೆ ಹಿಡಿದು ನಿಧಾನ, ಹಬೆ ಕೈ ಸುಡುತ್ತದೆ.

ಬಸಿದ ಕಟ್ಟೇ ಉಪ್ಸಾರು. ಖಾರಕ್ಕೆ ಆ ಬೆಂದ ಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು, ಚಿಟಿಕೆ ಉಪ್ಪನ್ನು ಕುಟ್ಟಿ, ನಿಂಬೆರಸ ಹಿಂಡಿ. ಹಳೆಯ ಕಾಲದವರು ಹುಣಸೆ ಹಾಕುತ್ತಾರೆ, ರುಚಿ ಅದರದ್ದೇ ಹೆಚ್ಚು. ಆದರೆ ನಾಲ್ಕು ದಿನದ ಮನೆಗೆ ಹುಣಸೆಹಣ್ಣಿನ ಪೊಟ್ಟಣ ಯಾಕೆ? ಖಾರವನ್ನು ಸಾರಿಗೆ ಕಲಸಬೇಡಿ. ತಟ್ಟೆಯ ಅಂಚಿನಲ್ಲಿರಲಿ, ಅವರವರ ನಾಲಿಗೆಗೆ ತಕ್ಕಷ್ಟು ಬೆರೆಸಿಕೊಳ್ಳಲಿ.

ಉಳಿದ ಬೇಳೆ ಸೊಪ್ಪಿಗೆ ಸಾಸಿವೆ, ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ ತೊಳೆದು ಎರಡು ಪದಾರ್ಥ. ಮುದ್ದೆ ತಿರುವಲು ಬರುವವರು ತಿರುವಿ, ಬಾರದವರು ಹೊಸ ಜಾಗದಲ್ಲಿ ಕಲಿಯಲು ಹೋಗದೆ ಅನ್ನಕ್ಕಿಡಿ.

ಹಂತ 6: ಸಂಜೆ

ಈ ಬಡಾವಣೆಯಲ್ಲಿ ನಟನ ರಂಗಶಾಲೆ, ರಮಾಗೋವಿಂದ ರಂಗಮಂದಿರ ಎರಡೂ ಇವೆ. ನಾಟಕವಿದೆಯೇ ವಿಚಾರಿಸಿ. ಇದ್ದರೆ ಹೋಗುವ ಮುಂಚೆಯೇ ಅಡುಗೆ ಮುಗಿಸಿಡಿ. ಬಂದ ಮೇಲೆ ಕಟ್ಟನ್ನು ಒಂದು ಕುದಿ ಕುದಿಸಿದರಾಯಿತು.

ಮಲಗುವ ಮುಂಚೆ ಸೊಪ್ಪಿನ ಕಡ್ಡಿ, ಈರುಳ್ಳಿ ಸಿಪ್ಪೆಯನ್ನು ಒಂದು ಡಬ್ಬಿಗೆ, ಹಾಲಿನ ಕವರನ್ನು ತೊಳೆದು ಇನ್ನೊಂದಕ್ಕೆ ಹಾಕಿಡಿ. ಬೆಳಿಗ್ಗೆ ಬರುವ ಕಸದ ಗಾಡಿಗೆ ಹಸಿಕಸ, ಒಣಕಸ ಬೇರೆ ಬೇರೆಯಾಗಿಯೇ ಕೊಡಬೇಕು. 2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರವೆನಿಸಿಕೊಂಡ ಊರು ಇದು. ಬೆರೆಸಿ ಕೊಟ್ಟರೆ ಗಾಡಿಯವರಿಗಿಂತ ಮೊದಲು ಪಕ್ಕದ ಮನೆಯವರೇ ಹೇಳುತ್ತಾರೆ.