ಸುಳುಹಿನ ಆಟದಲ್ಲಿ ನಿಯಮದ ಬಿಗಿ

ನಮ್ಮ ಭಾವಿಕೇರಿಯ ಮನೆಗೆ ಒಮ್ಮೆ ಜನರ ಲೆಕ್ಕ ಬರೆದುಕೊಳ್ಳಲು ಮಾಸ್ತರರೊಬ್ಬರು ಬಂದಿದ್ದರು. ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯನ್ನು ಅವರು, "ಯಜಮಾನರ ಹೆಸರೇನಮ್ಮಾ?" ಎಂದು ಕೇಳಿದರು. ಅಜ್ಜಿ ಗಂಡನ ಹೆಸರು ಹೇಳುವವಳಲ್ಲ. ಅಜ್ಜ ತೀರಿಕೊಂಡು ಹಲವು ವರ್ಷಗಳಾದರೂ ಆ ಕಟ್ಟಳೆಯನ್ನು ಅವಳು ಬಿಟ್ಟಿಲ್ಲ. ಹೆಸರಿನ ಮೊದಲರ್ಧ 'ಹೊನ್ನು' ಆದುದರಿಂದ ಆ ಮಾತೇ ಅವಳ ಬಾಯಿಂದ ಹೊರಡದು. ಹೊನ್ನಾವರವು ಕೂಡ ಅವಳ ಪಾಲಿಗೆ 'ಶರಾವತಿ ದಂಡೆಯ ಪೇಟೆ'. "ಆ ಪೇಟೆಯ ಹೆಸರಿನಲ್ಲಿ ಅರ್ಧ ಹಿಡಿಯಿರಿ, ಮಾಸ್ತರೇ" ಎಂದಳು. ಮಾಸ್ತರರು ಊಹಿಸತೊಡಗಿದರು. ಬೇಲಿಯಾಚೆಯ ನೆರೆಯಾಕೆ ಇನ್ನೊಂದು ಸುಳುಹು ಕೊಟ್ಟಳು. ನಾನೇ ಹೇಳಿಬಿಡಬಹುದಿತ್ತು, ಆದರೆ ಆಟ ಕೆಡುತ್ತಿತ್ತು. ಕೊನೆಗೆ ಹೆಸರು ಹೊರಬಿದ್ದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಅಜ್ಜಿಯೇ.

ಒಬ್ಬರು ಹೇಳಲಾಗದ ಮಾತನ್ನು ಇನ್ನೊಬ್ಬರು ಊಹಿಸಬೇಕು, ಗೆದ್ದರೆ ಎಲ್ಲರೂ ಕೂಡಿಯೇ ಗೆದ್ದಂತೆ: ಇಂತಹ ಆಟಗಳು ಈಗ ಪೆಟ್ಟಿಗೆಗಳಲ್ಲಿ ಬರುತ್ತವೆ. ಇವುಗಳಲ್ಲಿ ನಿಯಮವನ್ನು ಅಕ್ಷರಶಃ ಹಿಡಿಯಬೇಕೇ, ಅಥವಾ ಸಂದರ್ಭ ನೋಡಿ ಸಡಿಲಿಸಬಹುದೇ ಎಂಬುದೇ ಈ ಲೇಖನದ ವಿಷಯ. ಪರೀಕ್ಷೆಗೆ ಓದಬೇಕಾದವರಿಗೆ ಇದೆಂತಹ ವಿಷಯವೆಂದು ವಾಚಕರು ನಗಬಹುದು. ಆದರೆ ನಮ್ಮ ಕೋಣೆಯಲ್ಲಿ ಈ ಪ್ರಶ್ನೆಯಿಂದಾಗಿ ಇಬ್ಬರು ಗೆಳೆಯರು ನಾಲ್ಕು ದಿನ ಮಾತು ಬಿಟ್ಟಿದ್ದರು.

ಮೊದಲು ಆಟದ ಪರಿಚಯ. 'ಜಸ್ಟ್ ಒನ್' ಎಂಬುದು 2018ರಲ್ಲಿ ಬಂದ ಆಟ. ಮರುವರ್ಷ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿಯನ್ನು ಪಡೆಯಿತು. ಮೂವರಿಂದ ಏಳು ಮಂದಿಯವರೆಗೆ ಆಡಬಹುದು. ಊಹಿಸುವವನಿಗೆ ಕಾಣದ ಒಂದು ಪದಕ್ಕೆ ಉಳಿದವರೆಲ್ಲ ಗುಟ್ಟಾಗಿ ಒಂದೊಂದೇ ಮಾತಿನ ಸುಳುಹು ಬರೆಯುತ್ತಾರೆ. ಆಮೇಲೆ ಅವನು ಕಣ್ಣು ಮುಚ್ಚಿಕೊಂಡಿರುವಾಗ ಎಲ್ಲರೂ ಹಲಗೆಗಳನ್ನು ಹೋಲಿಸಿ, ಇಬ್ಬರು ಬರೆದ ಸುಳುಹು ಒಂದೇ ಆಗಿದ್ದರೆ ಎರಡನ್ನೂ ಅಳಿಸುತ್ತಾರೆ. ಉಳಿದವುಗಳಿಂದಲೇ ಅವನು ಪದವನ್ನು ಹೇಳಬೇಕು. ಇಂತಹ 13 ಪದಗಳು. ಅದೇ ಪದವನ್ನು ಬೇರೆ ಭಾಷೆಯಲ್ಲಿ ಬರೆಯುವಂತಿಲ್ಲ. ಹೊಸದಾಗಿ ಹುಟ್ಟಿಸಿದ ಮಾತು ಸಲ್ಲದು. ಲಿಂಗ ವಚನಗಳಷ್ಟೇ ಬೇರೆಯಾದ ಸುಳುಹುಗಳು ಒಂದೇ ಎಂದು ಲೆಕ್ಕ.

ಇದಕ್ಕೂ ಮೊದಲು, 2015ರಲ್ಲಿ, ಝೆಕ್ ದೇಶದ ವ್ಲಾಡಾ ಖ್ವಾಟಿಲ್ ಎಂಬವರು 'ಕೋಡ್‌ನೇಮ್ಸ್' ಎಂಬ ಆಟವನ್ನು ರಚಿಸಿದ್ದರು. ಅದರಲ್ಲಿ ಎರಡು ಪಕ್ಷಗಳು. ಸುಳುಹು ಸಲ್ಲುವುದೇ ಇಲ್ಲವೇ ಎಂಬ ಸಂದೇಹ ಬಂದರೆ ಎದುರಾಳಿಯನ್ನು ಕೇಳು, ಅವನು ಒಪ್ಪಿದರೆ ಸಂದಿತು ಎನ್ನುತ್ತದೆ ಅದರ ನಿಯಮಪುಸ್ತಕ. ಎಷ್ಟು ಜಾಣತನದ ಏರ್ಪಾಡು! ಎದುರಾಳಿಗೆ ನಷ್ಟವಾಗುವುದರಿಂದ ಅವನು ಸುಮ್ಮನೆ ಒಪ್ಪುವುದಿಲ್ಲ. ಆದರೆ ಎಲ್ಲರೂ ಕೂಡಿ ಆಡುವ ಆಟದಲ್ಲಿ ಆ ಕಾವಲುಗಾರನೇ ಇಲ್ಲ. ನಿಯಮ ಸಡಿಲಾದಷ್ಟೂ ಎಲ್ಲರಿಗೂ ಲಾಭ. ಬಿಗಿಹಿಡಿಯುವವನು ಎಲ್ಲರಿಗೂ ಶತ್ರು.

ಹಾಗಾದರೆ ಬಿಗಿಹಿಡಿಯುವುದಾದರೂ ಏತಕ್ಕೆ? ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಶಾಸ್ತ್ರಜ್ಞರು 1978ರ ತಮ್ಮ ಗ್ರಂಥವೊಂದರಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಬೇಕಿಲ್ಲದ ಅಡ್ಡಿಗಳನ್ನು ತಾನಾಗಿ ಮೈಮೇಲೆ ಎಳೆದುಕೊಂಡು ಅವನ್ನು ದಾಟಲು ಯತ್ನಿಸುವುದೇ ಆಟವೆಂದು ಅವರ ಮತ. ಚಿನ್ನಿಯನ್ನು ಕೈಯಲ್ಲಿ ಹಿಡಿದುಕೊಂಡೇ ದೂರಕ್ಕೆ ನಡೆದು ಇಟ್ಟುಬರಬಹುದಲ್ಲ, ದಾಂಡಿನಿಂದ ಹೊಡೆಯುವುದೇಕೆ? ಅಡ್ಡಿಯನ್ನು ತೆಗೆದರೆ ಗೆಲ್ಲುವುದಕ್ಕೆ ಏನೂ ಉಳಿಯುವುದಿಲ್ಲ.

ಇಷ್ಟು ಒಪ್ಪಿದರೂ ತೊಡಕು ಮುಗಿಯುವುದಿಲ್ಲ. ಈ ನಿಯಮಗಳೆಲ್ಲ ಬೇರೆ ಭಾಷೆಗಳ ಅಳತೆಗೆ ಹೊಲಿದ ಅಂಗಿಗಳು. 'ಒಂದೇ ಮಾತು' ಎನ್ನುತ್ತಾರೆ. ಕನ್ನಡದಲ್ಲಿ ಒಂದು ಮಾತೆಂದರೆ ಎಷ್ಟು? 'ಮಳೆಗಾಲ' ಒಂದೋ ಎರಡೋ? ಒಂದೆಂದು ನಾವು ಮೊದಲ ದಿನವೇ ಒಪ್ಪಿದೆವು. ಮರುದಿನ ಒಬ್ಬ ಮಹಾಶಯನು 'ಕಡಲಲ್ಲಿಮುಳುಗೇಳುವವನು' ಎಂದು ಬರೆದು, ಎಲ್ಲಿಯೂ ಜಾಗ ಬಿಟ್ಟಿಲ್ಲವೆಂದು ವಾದಿಸಿದನು! ಅವನನ್ನು ನೋಡಿ ಉಳಿದವರೂ ವಾಕ್ಯಗಳನ್ನೇ ಪದವಾಗಿ ಹೊಸೆಯತೊಡಗಿದರು. ಆ ಸಂಜೆ ನಮಗೆ 13ಕ್ಕೆ 13 ಬಂದವು. ಯಾರೂ ನಗಲಿಲ್ಲ, ಇನ್ನೊಂದಾಟ ಬೇಕೆಂದು ಯಾರೂ ಕೇಳಲೂ ಇಲ್ಲ.

ಈ ತೊಡಕಿನಲ್ಲಿ ನಮಗೆ ಒದಗಿದವನು ಕೇಶಿರಾಜ. ಸುಮಾರು 1260ರ ಅವನ 'ಶಬ್ದಮಣಿದರ್ಪಣ'ವು ಸಂಸ್ಕೃತ ಪದವನ್ನು ಕನ್ನಡ ಪದದೊಡನೆ ಕೂಡಿಸುವ ಅರಿಸಮಾಸವನ್ನು ನಿಷೇಧಿಸುತ್ತದೆ. ಆದರೆ ಹಿಂದಿನ ಕವಿಗಳ ಪ್ರಯೋಗದಲ್ಲಿ ಸಂದುಹೋದವನ್ನು ಒಪ್ಪುತ್ತದೆ. ಅಂದರೆ ನಿಯಮವೂ ಇದೆ, ರೂಢಿಗೆ ಮರ್ಯಾದೆಯೂ ಇದೆ. ತರಗತಿಯಲ್ಲಿ ನಿದ್ದೆ ಬರಿಸಿದ ಪಾಠವು ಇಲ್ಲಿ ಉಪಯೋಗಕ್ಕೆ ಬಂದಿತು. ಜನರ ಬಾಯಲ್ಲಿ ಮೊದಲೇ ಇರುವ ಜೋಡುಪದ ಸಲ್ಲುತ್ತದೆ, ಆಟಕ್ಕಾಗಿ ಹೊಸೆದದ್ದು ಸಲ್ಲದು ಎಂದು ಗೊತ್ತುಮಾಡಿಕೊಂಡೆವು. 'ದೀಪಾವಳಿ' ಮತ್ತು 'ದೀವಳಿಗೆ' ಒಟ್ಟಿಗೆ ಬಂದಾಗ, ಎರಡನೆಯದು ಮೊದಲನೆಯದರ ತದ್ಭವವೆಂದು ಎರಡನ್ನೂ ಅಳಿಸಿದೆವು.

ಬೇರೆ ಭಾಷೆಯ ನಿಷೇಧವು ಇನ್ನೂ ಕಠಿಣ. ಗುಟ್ಟಿನ ಪದ 'ನೀರು' ಎಂದಾದರೆ 'ಜಲ' ಬರೆಯಬಹುದೇ? ಸಂಸ್ಕೃತವೆಂದು ತಳ್ಳಿದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಅರ್ಧ ಮಾತುಗಳು ಹೋದವು. 'ಉದಕ'? ನಮ್ಮ ಮನೆಯಲ್ಲಿ ಅದು ಪೂಜೆಯ ಮಾತು. ಕಾರವಾರದ ಕಡೆಯ ಕೊಂಕಣಿ ಗೆಳೆಯನ ಮನೆಯಲ್ಲಿ ದಿನನಿತ್ಯದ ಕೊಡಪಾನದ ನೀರು. ಒಂದೇ ಹಲಗೆಯ ಮೇಲೆ ನಾನು ಬರೆದರೆ ಕನ್ನಡ, ಅವನು ಬರೆದರೆ ಪರಭಾಷೆ ಎನ್ನುವುದು ನ್ಯಾಯವೇ?

ನಾಲ್ಕು ದಿನದ ಮೌನಕ್ಕೆ ಕಾರಣವಾದ ಪ್ರಸಂಗವೂ ಇಂತಹುದೇ. ಗುಟ್ಟಿನ ಪದ 'ಭತ್ತ'. ಇಬ್ಬರು 'ಗದ್ದೆ' ಎಂದು ಬರೆದುದರಿಂದ ಅವು ಅಳಿಸಿಹೋದವು. ಉಳಿದವು 'ಹೊಟ್ಟು' ಮತ್ತು 'ಕಗ್ಗ'. ಕಗ್ಗ ಬರೆದವನು ನಮ್ಮ ತಾಲೂಕಿನವನು. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಂಡು ಬೆಳೆಯುವ ಭತ್ತದ ತಳಿಯೇ ಕಗ್ಗವೆಂದು ಕುಮಟೆ ಅಂಕೋಲೆಯ ರೈತರ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಘಟ್ಟದ ಮೇಲಿನ ಗೆಳೆಯನು ಒಪ್ಪಲಿಲ್ಲ. ಕಗ್ಗವೆಂದರೆ ಡಿ.ವಿ.ಜಿ.ಯವರದು, ಬೇರಾವ ಕಗ್ಗವೂ ಇಲ್ಲ, ಇದು ಹುಟ್ಟಿಸಿದ ಮಾತು, ನಿಯಮದಂತೆ ಅಳಿಸತಕ್ಕದ್ದೆಂದು ಹಟ ಹಿಡಿದನು. ನಿಘಂಟಿನಲ್ಲಿ ತೋರಿಸು ಎಂದನು. ಹಾಸ್ಟೆಲಿನ ಕೋಣೆಯಲ್ಲಿ ನಿಘಂಟೆಲ್ಲಿಯದು? ಅಳಿಸಿದೆವು. ಕಣ್ಣು ತೆರೆದ ಕುಮಟೆಯ ಹುಡುಗನು 'ಹೊಟ್ಟು' ಒಂದನ್ನೇ ನೋಡಿ 'ತಲೆ' ಎಂದನು! ಎಲ್ಲರೂ ನಕ್ಕರು, ಕಗ್ಗದವನೊಬ್ಬನನ್ನು ಬಿಟ್ಟು. ಅಳಿಸಿದವರಲ್ಲಿ ನಾನೂ ಒಬ್ಬ. ಗೊತ್ತಿದ್ದೂ, ಜಗಳ ಬೇಡವೆಂದು ಸುಮ್ಮನಿದ್ದೆ. ನನ್ನ ಮನೆಯ ಮಾತೇ ಮಾತಲ್ಲವೆಂದು ಹೇಳಿಸಿಕೊಂಡವನ ಸಂಕಟ ನನಗೆ ಅರಿಯದ್ದೇನಲ್ಲ. ಮೊದಲ ವರ್ಷ ತರಗತಿಯಲ್ಲಿ ಬಾಯಿ ತೆರೆಯಲು ನಾನೂ ಅಂಜುತ್ತಿದ್ದೆ.

ಆಮೇಲೆ ಯೋಚಿಸಿದಾಗ ತೋರಿದ್ದೇನೆಂದರೆ, ನಿಯಮಗಳೆಲ್ಲ ಒಂದೇ ಜಾತಿಯವಲ್ಲ. ಸುಳುಹು ಕೊಟ್ಟ ಮೇಲೆ ಕೆಮ್ಮುವುದು, ಹುಬ್ಬು ಹಾರಿಸುವುದು, 'ಹತ್ತಿರ ಬಂದೆ' ಎನ್ನುವುದು, ಒಂದೇ ಆದ ಸುಳುಹುಗಳನ್ನು ಕನಿಕರದಿಂದ ಉಳಿಸುವುದು, ಇವು ಅಡ್ಡಿಯನ್ನೇ ಕೆಡವುತ್ತವೆ. ಇಲ್ಲಿ ಎಳ್ಳಷ್ಟೂ ಸಡಿಲು ಸಲ್ಲದು. ಆದರೆ ಯಾವುದು ಮಾತು, ಯಾರ ಮಾತು ಎಂಬಲ್ಲಿ ಬಿಗಿಹಿಡಿದರೆ ಆಟ ಕಠಿಣವಾಗುವುದಿಲ್ಲ, ಆಡುವವರು ಕಡಿಮೆಯಾಗುತ್ತಾರೆ, ಅಷ್ಟೆ. ರಿಯಾಯಿತಿಯನ್ನಾದರೂ ಚೀಟಿ ತೆಗೆಯುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಲಗೆ ನೋಡಿದ ಮೇಲೆ ಕೊಡುವ ರಿಯಾಯಿತಿ ಗೆಳೆತನ ನೋಡಿ ಕೊಟ್ಟದ್ದಾಗುತ್ತದೆ. ಈಗ ನಮ್ಮ ಕೋಣೆಯಲ್ಲಿ, ಒಬ್ಬನು 'ನಮ್ಮ ಊರಲ್ಲಿ ಹೀಗೆನ್ನುತ್ತಾರೆ' ಎಂದರೆ ಆ ಮಾತು ಸಂದಂತೆ. ಸುಳ್ಳು ಹೇಳಿದರೆ? ಹೇಳಲಿ. ಊರಿಲ್ಲದ ಮಾತು ಊಹಿಸುವವನಿಗೂ ತಿಳಿಯುವುದಿಲ್ಲ.

ರಜೆಯಲ್ಲಿ ಈ ಆಟವನ್ನು ಊರಿಗೆ ಒಯ್ದಿದ್ದೆ. ಅಜ್ಜಿಗೆ ಬರೆಯಲು ಬಾರದು. ಅವಳು ನನ್ನ ಕಿವಿಯಲ್ಲಿ ಹೇಳಬೇಕು, ನಾನು ಬರೆಯಬೇಕು. ಆದರೆ ನನ್ನದನ್ನು ಮೊದಲು ಬರೆದು ಮುಗಿಸಿರಬೇಕು ಎಂದು ಒಂದು ಹೊಸ ನಿಯಮ ಮಾಡಿದೆವು. ತಂಗಿ ಊಹಿಸುವವಳು; ಪದ 'ಚಿನ್ನ'. ನಾನೂ ತಮ್ಮನೂ 'ಒಡವೆ' ಎಂದು ಬರೆದು ಎರಡನ್ನೂ ಕಳೆದುಕೊಂಡೆವು. ಅಜ್ಜಿ ಬಹಳ ಹೊತ್ತು ಯೋಚಿಸಿ ನನ್ನ ಕಿವಿಯಲ್ಲಿ ಹೇಳಿದ್ದು 'ಅಜ್ಜ' ಎಂದು. ಇದು ಮನೆಯವರಿಗಷ್ಟೇ ತಿಳಿಯುವ ಗುಟ್ಟು, ಸಲ್ಲದೆಂದು ತಮ್ಮನು ತಕರಾರು ತೆಗೆದನು. ನಿಯಮಪುಸ್ತಕವನ್ನು ಎರಡು ಸಲ ತಿರುವಿದೆ. ಅಂತಹ ನಿಷೇಧ ಎಲ್ಲಿಯೂ ಕಾಣಲಿಲ್ಲ. ತಂಗಿ ಕಣ್ಣು ತೆರೆದು, ಹಲಗೆ ನೋಡಿ, ಅಜ್ಜಿಯ ಮುಖ ನೋಡಿ, "ಚಿನ್ನ" ಎಂದಳು.